ಊರಿನ ಹೊಗೆಯ ಲೆಕ್ಕ ಊರಿನ ಮಾತಿನಲ್ಲೇ ಆಗಬೇಕು

ಕಾಸರಗೋಡಿನ ಕನ್ನಡಿಗರಿಗೆ ಅಕ್ಕಲಕೋಟೆ ದೂರದ ಊರು. ಆದರೆ ಹೆಸರು ಹೊಸತಲ್ಲ. 1967ರಲ್ಲಿ ಮಹಾಜನ ಆಯೋಗ ಒಪ್ಪಿಸಿದ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ನಮ್ಮ ನಾಡೂ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದವು. ಎರಡೂ ಅಂದಿನ ಮೈಸೂರು ರಾಜ್ಯಕ್ಕೆ ಸೇರತಕ್ಕವೆಂದು ಆಯೋಗ ಶಿಫಾರಸು ಮಾಡಿತ್ತು. ಎರಡೂ ಸೇರಲಿಲ್ಲ. ಅವರು ಮಹಾರಾಷ್ಟ್ರದಲ್ಲಿ ಉಳಿದರು, ನಾವು ಕೇರಳದಲ್ಲಿ ಉಳಿದೆವು.

ಆ ಹಳೆಯ ಕತೆಯನ್ನು ಕೆದಕುವುದು ಈ ಬರಹದ ಉದ್ದೇಶವಲ್ಲ. ಈಗ ಎರಡೂ ಗಡಿನಾಡುಗಳ ಬಾಗಿಲಿಗೆ ಇನ್ನೊಂದು ಸಂಗತಿ ಬಂದು ನಿಂತಿದೆ. ಭೂಮಿ ಬಿಸಿಯೇರುತ್ತಿದೆ, ಅದನ್ನು ತಡೆಯಲು ನಿಮ್ಮ ಊರು ಏನು ಮಾಡುತ್ತದೆ, ಯೋಜನೆ ಬರೆದು ಕೊಡಿ ಎಂದು ಸರಕಾರಗಳು ಗ್ರಾಮ ಪಂಚಾಯತುಗಳನ್ನು ಕೇಳತೊಡಗಿವೆ. ದೊಡ್ಡ ದೊಡ್ಡ ರಾಷ್ಟ್ರಗಳು ಕೂಡಿ ಕುಳಿತು ಬಗೆಹರಿಸಲಾಗದ ವಿಷಯವನ್ನು ಹಳ್ಳಿಯ ಅಧ್ಯಕ್ಷರೂ ಗ್ರಾಮಸೇವಕರೂ ಬಗೆಹರಿಸುವರೇ ಎಂದು ನಗುವವರಿದ್ದಾರೆ. ನಕ್ಕು ಬಿಟ್ಟುಬಿಡುವ ವಿಷಯ ಇದಲ್ಲ. ಅಕ್ಕಲಕೋಟೆ ತಾಲೂಕಿನ ಚಪಳಗಾಂವವನ್ನು ಎದುರಿಗಿಟ್ಟುಕೊಂಡು ಇದನ್ನು ಸ್ವಲ್ಪ ವಿಚಾರ ಮಾಡೋಣ.

ಬಿಸಿಲೂ ಹೊಳೆಯೂ

ಚಪಳಗಾಂವ ಕನ್ನಡವೂ ಮರಾಠಿಯೂ ಅಕ್ಕಪಕ್ಕದಲ್ಲಿ ಕೇಳಿಬರುವ ಸೀಮೆಯ ಹಳ್ಳಿ. ಎರೆ ಮಣ್ಣಿನ ಬಯಲು. ಹಿಂಗಾರಿ ಜೋಳ, ತೊಗರಿ, ಉದ್ದು ಈ ತಾಲೂಕಿನ ಹಳೆಯ ಬೆಳೆಗಳು. ನೀರು ಸಿಕ್ಕಿದ ಕಡೆ ಕಬ್ಬು ಬಂದು ಕೂತಿದೆ. ಬೋರಿ ನದಿಗೆ ಕುರನೂರಿನಲ್ಲಿ ಅಣೆಕಟ್ಟು ಇದೆ. ಸೊಲ್ಲಾಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಬೀಳುವ ಮಳೆ ಸುಮಾರು 550 ಮಿಲಿಮೀಟರು. ನಮ್ಮ ಕಾಸರಗೋಡಿನಲ್ಲಿ 3,500 ಮಿಲಿಮೀಟರಿನ ಆಸುಪಾಸು. ನಮ್ಮಲ್ಲಿ ಆಟಿ ತಿಂಗಳೊಂದರಲ್ಲೇ ಸುರಿಯುವಷ್ಟು ಮಳೆಯನ್ನು ಅಲ್ಲಿಯವರು ಇಡೀ ವರ್ಷಕ್ಕೂ ಕಾಣುವುದಿಲ್ಲ.

ಬರಗಾಲ ಆ ಸೀಮೆಗೆ ನೆಂಟನಿದ್ದ ಹಾಗೆ, ಕರೆಯದೆಯೂ ಬರುತ್ತದೆ. 1972ರ ಬರದಲ್ಲಿ ಮಹಾರಾಷ್ಟ್ರದ ಹಳ್ಳಿಗಳ ಲಕ್ಷಾಂತರ ಜನ ಕಲ್ಲು ಒಡೆದು, ಕೆರೆ ತೋಡಿ, ಕೂಲಿಯಿಂದ ಜೀವ ಉಳಿಸಿಕೊಂಡರು. ಆ ಅನುಭವದಿಂದಲೇ ಉದ್ಯೋಗ ಖಾತರಿಯ ಕಾನೂನು 1977ರಲ್ಲಿ ಆ ರಾಜ್ಯದಲ್ಲಿ ಹುಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಬಂದ ಕಾನೂನಿಗೆ ಅದೇ ಮೇಲ್ಪಂಕ್ತಿ. ಈಗ ಬರದ ಜತೆಗೆ ನೆರೆಯೂ ಸೇರಿಕೊಂಡಿದೆ. 2025ರ ಸಪ್ಟೆಂಬರದಲ್ಲಿ ಸೀನಾ ನದಿ ಉಕ್ಕಿ ಸೊಲ್ಲಾಪುರ ಜಿಲ್ಲೆಯ ಎಷ್ಟೋ ಊರುಗಳ ಬೆಳೆಯನ್ನೂ ಮಣ್ಣನ್ನೂ ಕೊಚ್ಚಿಕೊಂಡು ಹೋಯಿತು. ಮಳೆಗಾಗಿ ಮುಗಿಲು ನೋಡುತ್ತಿದ್ದವರೇ ಮಳೆ ನಿಲ್ಲಲೆಂದು ಮುಗಿಲಿಗೆ ಕೈಮುಗಿಯುವಂತಾಯಿತು. ಒಂದೊಂದು ಮಳೆಗೂ ಒಂದೊಂದು ಬರಕ್ಕೂ ಇದೇ ಕಾರಣವೆಂದು ಬೆರಳಿಟ್ಟು ಹೇಳಲು ಬಾರದು. ಆದರೆ ಗಾಳಿ ಬಿಸಿಯಾದಷ್ಟೂ ಅದು ಹೆಚ್ಚು ನೀರಾವಿಯನ್ನು ಹೊರುತ್ತದೆ. ಹೊತ್ತದ್ದನ್ನು ಒಮ್ಮೆಗೇ ಸುರಿಯುತ್ತದೆ. ನಡುವಿನ ಒಣ ದಿನಗಳು ಉದ್ದವಾಗುತ್ತವೆ. ಇದು ವಿಜ್ಞಾನಿಗಳ ಒಮ್ಮತದ ಮಾತು.

ಹೊಗೆ ಯಾರದು, ಹೊಡೆತ ಯಾರಿಗೆ?

ಇಲ್ಲಿ ಚಪಳಗಾಂವದ ರೈತ ಒಂದು ನ್ಯಾಯವಾದ ಪ್ರಶ್ನೆ ಕೇಳಬಹುದು. “ನಾವೇನು ಹೊಗೆ ಬಿಟ್ಟೆವು? ನಮಗೇಕೆ ಈ ಲೆಕ್ಕ?”

ಪ್ರಶ್ನೆ ಸುಳ್ಳಲ್ಲ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲಾಮ್ಲ ಅನಿಲ ಬೀಳುತ್ತದೆ. ಇದು ಜಗತ್ತಿನ ಸರಾಸರಿಯ ಅರ್ಧಕ್ಕೂ ಕಡಿಮೆ. ಒಣಬೇಸಾಯದ ಹಳ್ಳಿಯವನ ಪಾಲು ಇನ್ನೂ ಸಣ್ಣದು. ಅದೇ ಜಿಲ್ಲೆಯ ದಕ್ಷಿಣ ಸೊಲ್ಲಾಪುರ ತಾಲೂಕಿನ ಫತಾಟೆವಾಡಿಯ ಬಳಿ ಎನ್‌ಟಿಪಿಸಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. 660 ಮೆಗಾವಾಟಿನ ಎರಡು ಘಟಕ, ಒಟ್ಟು 1,320 ಮೆಗಾವಾಟು. ಬೇಕಾದ ನೀರು ಭೀಮಾ ನದಿಯ ಉಜನಿ ಜಲಾಶಯದ್ದು. ಈ ಸ್ಥಾವರ ಅರ್ಧ ಸಾಮರ್ಥ್ಯದಲ್ಲಿ ಓಡಿತೆಂದು ಹಿಡಿದರೂ ದಿನಕ್ಕೆ ಒಂದೂವರೆ ಕೋಟಿಗೂ ಮಿಕ್ಕಿ ಯೂನಿಟ್ ಉತ್ಪಾದನೆಯಾಗುತ್ತದೆ. ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ಸುಮಾರು 900 ಗ್ರಾಂ ಇಂಗಾಲಾಮ್ಲದಂತೆ ಗುಣಿಸಿದರೆ ದಿನಕ್ಕೆ ಹದಿನಾಲ್ಕು ಸಾವಿರ ಟನ್ನಿನಷ್ಟಾಗುತ್ತದೆ. ಇದರ ಮುಂದೆ ಹಳ್ಳಿಯ ಹೊಗೆ ಆನೆಯ ಮುಂದಿನ ಇರುವೆ.

ಹಾಗಾದರೆ ಹಳ್ಳಿ ಸುಮ್ಮನಿರಬಹುದೇ? ಎರಡು ಕಾರಣಗಳಿಂದ ಇರಬಾರದು ಎಂದು ನಮಗೆ ತೋರುತ್ತದೆ. ಮೊದಲನೆಯದು, ಆ ಕಲ್ಲಿದ್ದಲಿನ ಕರೆಂಟಿನಿಂದಲೇ ನಮ್ಮ ಪಂಪುಗಳೂ ಓಡುತ್ತವೆ. ಬೆಂಕಿ ಅಲ್ಲಿ ಉರಿದರೂ ಅಡುಗೆ ಉಣ್ಣುವವರಲ್ಲಿ ನಾವೂ ಇದ್ದೇವೆ. ಎರಡನೆಯದು ಇನ್ನೂ ಮುಖ್ಯ. ಒಣನಾಡಿನ ಹಳ್ಳಿಯಲ್ಲಿ ಹೊಗೆ ತಗ್ಗಿಸುವ ಕೆಲಸಗಳಲ್ಲಿ ಹೆಚ್ಚಿನವು ನೀರು ಉಳಿಸುವ, ಖರ್ಚು ಇಳಿಸುವ, ಮಣ್ಣು ಕಾಯುವ ಕೆಲಸಗಳೇ ಆಗಿವೆ. ಜಗತ್ತಿನ ಉದ್ಧಾರಕ್ಕೆಂದು ಬೇಡ, ತನ್ನ ಬಾವಿಗೆಂದೇ ಮಾಡಲಿ. ಜಗತ್ತಿಗೂ ಅದರಿಂದ ಒಳಿತಾದೀತು.

ಅಧಿಕಾರ ಇದೆಯೇ, ಹಣ ಇದೆಯೇ?

ಅಧಿಕಾರ ಇದೆ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಪಂಚಾಯತುಗಳಿಗೆ ಒಪ್ಪಿಸಬಹುದಾದ 29 ವಿಷಯಗಳ ಪಟ್ಟಿಯೂ ಸೇರಿತು. ಸಣ್ಣ ನೀರಾವರಿ, ಜಲಾನಯನ, ಸಾಮಾಜಿಕ ಅರಣ್ಯ, ಉರುವಲು ಮತ್ತು ಮೇವು, ಗ್ರಾಮೀಣ ವಿದ್ಯುತ್ತು, ಅಸಾಂಪ್ರದಾಯಿಕ ಶಕ್ತಿಮೂಲಗಳು ಇವೆಲ್ಲ ಅದರಲ್ಲಿವೆ. ಇವನ್ನು ಒಂದೆಡೆ ಸೇರಿಸಿದರೆ ಅದೇ ಹವಾಮಾನದ ಯೋಜನೆ. ಹೆಸರು ಹೊಸತು, ಕೆಲಸ ಹಳೆಯದು.

ಮಹಾರಾಷ್ಟ್ರ ಸರಕಾರ 2020ರ ಅಕ್ಟೋಬರ 2ರಂದು ‘ಮಾಝಿ ವಸುಂಧರಾ’ ಎಂಬ ಅಭಿಯಾನವನ್ನು ಹೂಡಿತು. ನನ್ನ ಭೂಮಿ ಎಂದು ಅದರರ್ಥ. ನೆಲ, ಜಲ, ವಾಯು, ಅಗ್ನಿ, ಆಕಾಶ ಎಂಬ ಪಂಚಭೂತಗಳ ಹೆಸರಿನಲ್ಲಿ ನಗರಸಭೆಗಳಿಗೂ ಗ್ರಾಮ ಪಂಚಾಯತುಗಳಿಗೂ ಅಂಕ ಕೊಟ್ಟು ಬಹುಮಾನ ಕೊಡುವ ವ್ಯವಸ್ಥೆ ಅದು. ಗ್ರಾಮ ಪಂಚಾಯತು ಪ್ರತಿವರ್ಷ ಬರೆಯುವ ಅಭಿವೃದ್ಧಿ ಯೋಜನೆಯಲ್ಲಿ ‘ನೀರು ಸಾಕಷ್ಟಿರುವ ಗ್ರಾಮ’, ‘ಸ್ವಚ್ಛ ಮತ್ತು ಹಸಿರು ಗ್ರಾಮ’ ಎಂಬ ಗುರಿಗಳನ್ನು ಕೇಂದ್ರ ಸರಕಾರವೂ ಸೇರಿಸಿದೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯತುಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60 ಭಾಗವನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಇಷ್ಟಿದ್ದೂ ಕೊರತೆ ಯಾವುದು? ಲೆಕ್ಕದ್ದು.

ಬೀದಿದೀಪವೋ ಬಾವಿಯ ಪಂಪೋ?

ಪಂಚಾಯತುಗಳ ಹಸಿರು ಯೋಜನೆ ಎಂದೊಡನೆ ಎರಡು ಕೆಲಸಗಳು ತಪ್ಪದೆ ಬರುತ್ತವೆ: ಬೀದಿದೀಪ ಬದಲಾಯಿಸುವುದು ಮತ್ತು ಸಸಿ ನೆಡುವುದು. ಎರಡೂ ಒಳ್ಳೆಯವೇ. ಆದರೆ ತಕ್ಕಡಿಯಲ್ಲಿಟ್ಟು ತೂಗಿ ನೋಡೋಣ. ಕೆಳಗಿನದು ಉದಾಹರಣೆಯ ಲೆಕ್ಕ. ಕಾಗದ ಪೆನ್ಸಿಲು ಹಿಡಿದು ಯಾರೂ ಮಾಡಬಹುದು.

ನಮ್ಮ ದೇಶದ ವಿದ್ಯುಜ್ಜಾಲದ ಒಂದು ಯೂನಿಟ್ಟಿನ ಹಿಂದೆ ಸರಾಸರಿ ಸುಮಾರು 700 ಗ್ರಾಂ ಇಂಗಾಲಾಮ್ಲವಿದೆ. 40 ವಾಟಿನ ಒಂದು ಬೀದಿದೀಪವನ್ನು ತೆಗೆದು 20 ವಾಟಿನದನ್ನು ಹಾಕಿದರೆ, ರಾತ್ರಿ ಹನ್ನೆರಡು ತಾಸಿನಂತೆ ವರ್ಷಕ್ಕೆ ಸುಮಾರು 88 ಯೂನಿಟ್ ಉಳಿಯುತ್ತದೆ. ಅಂದರೆ ಸುಮಾರು 61 ಕಿಲೋ ಇಂಗಾಲಾಮ್ಲ. ನೂರು ದೀಪ ಬದಲಾಯಿಸಿದರೆ 6 ಟನ್.

ಇನ್ನು 5 ಅಶ್ವಶಕ್ತಿಯ ಒಂದು ಪಂಪು. ದಿನಕ್ಕೆ 8 ತಾಸು ಓಡಿದರೆ ಸುಮಾರು 30 ಯೂನಿಟ್. ವರ್ಷದಲ್ಲಿ 150 ದಿನ ಓಡಿತೆಂದರೆ 4,500 ಯೂನಿಟ್. ಇಂಗಾಲಾಮ್ಲ 3 ಟನ್ನಿಗೂ ಮಿಕ್ಕಿತು. ಹಳೆಯ, ಸುತ್ತು ಕಟ್ಟಿಸಿದ ಮೋಟಾರಾದರೆ ಇನ್ನೂ ಹೆಚ್ಚು. ಅಂದರೆ ಊರಿನ ನೂರು ಬೀದಿದೀಪ ಬದಲಾಯಿಸಿ ಉಳಿಸಿದ್ದು ಎರಡೇ ಎರಡು ಪಂಪುಗಳ ವರ್ಷದ ಹೊಗೆಗೆ ಸಮ! ಊರಿನಲ್ಲಿ ಎಷ್ಟು ಪಂಪುಗಳಿವೆ ಎಂದು ಎಣಿಸಿದರೆ ಭಾರ ಎಲ್ಲಿದೆಯೆಂಬುದು ಕೂಡಲೇ ತಿಳಿಯುತ್ತದೆ.

ಸಸಿಯ ಲೆಕ್ಕವೂ ಹೀಗೆಯೇ. ಚೆನ್ನಾಗಿ ಬೆಳೆದ ಮರವೊಂದು ವರ್ಷಕ್ಕೆ ಹತ್ತಿಪ್ಪತ್ತು ಕಿಲೋ ಇಂಗಾಲಾಮ್ಲ ಹೀರಬಹುದು. ಒಣನೆಲದಲ್ಲಿ ಇನ್ನೂ ಕಡಿಮೆ. 20 ಕಿಲೋ ಎಂದೇ ಹಿಡಿದರೂ ಒಂದು ಪಂಪಿಗೆ 150 ಮರ ಬೇಕು. ನೆಟ್ಟ ಸಸಿಯಲ್ಲ, ಬದುಕಿ ಬೆಳೆದ ಮರ. ಫೋಟೋ ತೆಗೆಸಿಕೊಂಡ ಮರುದಿನವೇ ಆಡಿನ ಬಾಯಿಗೆ ಹೋದ ಸಸಿಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಗೊಬ್ಬರವನ್ನೂ ಮರೆಯಬಾರದು. 45 ಕಿಲೋದ ಒಂದು ಚೀಲ ಯೂರಿಯಾ ಹೊಲಕ್ಕೆ ಬಿದ್ದಮೇಲೆ ಅದರ ಸಾರಜನಕದ ಒಂದಂಶ ನೈಟ್ರಸ್ ಆಕ್ಸೈಡಾಗಿ ಗಾಳಿಗೆ ಸೇರುತ್ತದೆ. ಈ ಅನಿಲ ತೂಕಕ್ಕೆ ತೂಕ ಇಂಗಾಲಾಮ್ಲಕ್ಕಿಂತ ಸುಮಾರು 270 ಪಾಲು ಹೆಚ್ಚು ಬಿಸಿ ಹಿಡಿಯುತ್ತದೆ. ಸಾಮಾನ್ಯವಾಗಿ ಬಳಸುವ ಗುಣಕಗಳಂತೆ ಒಂದು ಚೀಲಕ್ಕೆ 120 ಕಿಲೋ ಇಂಗಾಲಾಮ್ಲದಷ್ಟು ಬಿಸಿಯ ಲೆಕ್ಕ ಬರುತ್ತದೆ. ಕಾರಖಾನೆಯಲ್ಲಿ ತಯಾರಿಸುವಾಗಿನ ಹೊಗೆ ಬೇರೆ. ಇಪ್ಪತ್ತಾರು ಚೀಲ ಯೂರಿಯಾ ಒಂದು ಪಂಪಿನ ವರ್ಷಕ್ಕೆ ಸರಿಸಮ.

ಈ ಅಂಕಿಗಳನ್ನು ಹೇಳಿದ್ದು ರೈತನನ್ನು ತಪ್ಪಿತಸ್ಥನ ಕಟಕಟೆಯಲ್ಲಿ ನಿಲ್ಲಿಸುವುದಕ್ಕಲ್ಲ. ಯೂನಿಟ್ಟಾಗಲಿ ಯೂರಿಯಾವಾಗಲಿ ಅವನ ಅಥವಾ ಸರಕಾರದ ದುಡ್ಡಿನದೇ. ಎಲ್ಲಿ ಹೊಗೆ ಹೆಚ್ಚೋ ಅಲ್ಲಿ ಖರ್ಚೂ ಹೆಚ್ಚು. ಆದುದರಿಂದ ಯೋಜನೆಯ ಮೊದಲ ಪುಟ ಪ್ರತಿಜ್ಞೆಯದಾಗಬಾರದು, ಲೆಕ್ಕದ್ದಾಗಬೇಕು.

ನಮ್ಮದೇ ರಾಜ್ಯದ ಮೇಲ್ಪಂಕ್ತಿ

ಹೀಗೆ ಲೆಕ್ಕದಿಂದ ತೊಡಗಿದ ಪಂಚಾಯತು ಕೇರಳದಲ್ಲೇ ಇದೆ. ವಯನಾಡಿನ ಮೀನಂಗಾಡಿ 2016ರಲ್ಲಿ ಇಂಗಾಲ ಸಮತೋಲದ ಪಂಚಾಯತಾಗಲು ಹೊರಟಿತು. ತಣಲ್ ಎಂಬ ಸಂಸ್ಥೆಯ ನೆರವಿನಿಂದ ಮನೆ, ವಾಹನ, ಬೇಸಾಯ, ಕಸ ಎಲ್ಲವನ್ನೂ ಎಣಿಸಿದಾಗ ವರ್ಷಕ್ಕೆ ಸುಮಾರು 33 ಸಾವಿರ ಟನ್ ಹೊಗೆಯೆಂದೂ ಊರಿನ ಮರ ಮತ್ತು ಮಣ್ಣು ಹೀರುವುದು ಸುಮಾರು 22 ಸಾವಿರ ಟನ್ ಎಂದೂ ತಿಳಿದುಬಂತು. ಉಳಿದ 11 ಸಾವಿರ ಟನ್ನೇ ಊರಿನ ಸಾಲ. (ಆ ಸೊಲ್ಲಾಪುರದ ಸ್ಥಾವರದ ಅರ್ಧ ಸಾಮರ್ಥ್ಯದ ಲೆಕ್ಕದಲ್ಲಿ ಮೀನಂಗಾಡಿಯ ವರ್ಷದ ಹೊಗೆ ಎರಡೂವರೆ ದಿನದ್ದು ಎಂಬುದನ್ನೂ ಓದುಗರು ನೆನಪಿನಲ್ಲಿಡಬೇಕು.)

ಸಾಲ ಎಷ್ಟೆಂದು ತಿಳಿದಮೇಲೆ ತೀರಿಸುವ ದಾರಿ ಹುಡುಕಿದರು. ಅವುಗಳಲ್ಲಿ ಹೆಸರು ಮಾಡಿದ್ದು ಮರದ ಬ್ಯಾಂಕು. ತನ್ನ ಜಾಗದಲ್ಲಿ ಮರ ಬೆಳೆಸುವ ರೈತನಿಗೆ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ ಬಡ್ಡಿಯಿಲ್ಲದ ಸಾಲ. ಮರ ಕಡಿದರೆ ಸಾಲ ತೀರಿಸಬೇಕು, ಕಡಿಯದಿದ್ದರೆ ಬೇಡ. ಇದಕ್ಕಾಗಿ ರಾಜ್ಯ ಸರಕಾರ ಕೊಟ್ಟ 10 ಕೋಟಿ ರೂಪಾಯಿಯನ್ನು ಸಹಕಾರಿ ಬ್ಯಾಂಕಿನಲ್ಲಿಟ್ಟು ಅದರ ಬಡ್ಡಿಯಿಂದ ಕೊಡುವ ಏರ್ಪಾಡು. ಸಸಿ ನೆಡಲು ಹಣ ಕೊಡುವುದಕ್ಕೂ ಮರ ಉಳಿಸಲು ಹಣ ಕೊಡುವುದಕ್ಕೂ ಇರುವ ಅಂತರವನ್ನು ಇದರಲ್ಲಿ ಕಾಣಬಹುದು.

ಮೀನಂಗಾಡಿಯ ಯೋಜನೆಯನ್ನು ಹೆಸರು ಬದಲಾಯಿಸಿ ಚಪಳಗಾಂವಕ್ಕೆ ಅಂಟಿಸಿದರೆ ಮಾತ್ರ ನಡೆಯದು. ಅಲ್ಲಿ ಕಾಫಿ ತೋಟ, ಇಲ್ಲಿ ಜೋಳದ ಹೊಲ. ಮಲೆನಾಡಿನ ಔಷಧಿ ಬಯಲುಸೀಮೆಯ ರೋಗಕ್ಕೆ ನಾಟೀತೇ? ತೆಗೆದುಕೊಳ್ಳಬೇಕಾದದ್ದು ಅವರ ಕ್ರಮವನ್ನು: ಮೊದಲು ಎಣಿಕೆ, ಆಮೇಲೆ ಆಯ್ಕೆ, ಆಮೇಲೆ ಹಣ, ಕೊನೆಗೆ ವರ್ಷವರ್ಷವೂ ಮರುಪರಿಶೀಲನೆ.

ಚಪಳಗಾಂವಕ್ಕೆ ಒಪ್ಪುವ ಕೆಲಸಗಳು

ಒಣನಾಡಿನ ಹಳ್ಳಿಯ ಮೊದಲ ಕೆಲಸ ಪಂಪಿನ ಕರೆಂಟನ್ನು ಬಿಸಿಲಿನಿಂದ ಪಡೆಯುವುದು. ಮಹಾರಾಷ್ಟ್ರದಲ್ಲಿ 2017ರಲ್ಲಿ ತೊಡಗಿ 2023ರಲ್ಲಿ ವಿಸ್ತರಿಸಿದ ‘ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ’ ಯೋಜನೆ ಇದಕ್ಕಾಗಿಯೇ ಇದೆ. ಉಪಕೇಂದ್ರದ ಸಮೀಪದ ಜಾಗದಲ್ಲಿ ಸೌರಫಲಕ ಹಾಕಿ ರೈತರ ಪಂಪುಗಳ ತಂತಿಗೆ ಹಗಲು ಹೊತ್ತು ಕರೆಂಟು ಕೊಡುವುದು ಅದರ ಕ್ರಮ. ಜಾಗಕ್ಕೆ ಹೆಕ್ಟೇರಿಗೆ ವರ್ಷಕ್ಕೆ 1.25 ಲಕ್ಷ ರೂಪಾಯಿ ಬಾಡಿಗೆಯನ್ನೂ ಪಂಚಾಯತಿಗೆ ಮೂರು ವರ್ಷ 5 ಲಕ್ಷದಂತೆ ಪ್ರೋತ್ಸಾಹಧನವನ್ನೂ 2023ರಲ್ಲಿ ಗೊತ್ತುಪಡಿಸಲಾಯಿತು. ನಡುರಾತ್ರಿ ಕರೆಂಟು ಬಂದಾಗ ಎದ್ದು ಹಾವು ಚೇಳುಗಳ ನಡುವೆ ಹೊಲಕ್ಕೆ ನೀರು ಹಾಯಿಸಲು ಹೋಗುವ ರೈತನಿಗೆ ಹಗಲಿನ ಕರೆಂಟು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮನೆಗಳ ಮಟ್ಟಿಗೂ ಉದಾಹರಣೆ ಇದೆ. ಸಾತಾರಾ ಜಿಲ್ಲೆಯ ಮಾನ್ಯಾಚಿವಾಡಿ 2024ರಲ್ಲಿ ಆ ರಾಜ್ಯದ ಮೊದಲ ಸೌರಗ್ರಾಮವೆನಿಸಿತು. 102 ಮನೆಗಳ ಸಣ್ಣ ಊರು ಅದು.

ಆದರೆ ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಬಿಸಿಲಿನ ಕರೆಂಟು ಬಿಟ್ಟಿ ಎಂದು ಪಂಪು ನಿಲ್ಲದೆ ಓಡಿದರೆ ಹೊಗೆ ಇಳಿದೀತು, ಬಾವಿಯೂ ಬತ್ತೀತು. ಆದುದರಿಂದ ಸೌರಶಕ್ತಿಯ ಜತೆಗೇ ನೀರಿನ ಜಮಾಖರ್ಚು ಬೇಕು. ಅದೇ ರಾಜ್ಯದ ಹಿವರೆ ಬಾಜಾರ್ ಎಂಬ ಹಳ್ಳಿ ಇದನ್ನು ಮಾಡಿ ತೋರಿಸಿದೆ. ಪೋಪಟರಾವ್ ಪವಾರರ ಮುಂದಾಳುತನದಲ್ಲಿ ಆ ಊರು ಪ್ರತಿವರ್ಷ ಬಿದ್ದ ಮಳೆ ಎಷ್ಟು, ಕುಡಿಯಲು ಎಷ್ಟು, ದನಕರುಗಳಿಗೆ ಎಷ್ಟು ಎಂದು ಲೆಕ್ಕ ಹಾಕಿ ಉಳಿದದ್ದಕ್ಕೆ ತಕ್ಕ ಬೆಳೆಯನ್ನು ಗೊತ್ತುಮಾಡುತ್ತದೆ. ನೀರಾವರಿಗೆ ಕೊಳವೆಬಾವಿ ತೋಡಬಾರದೆಂದು ಊರವರೇ ಕಟ್ಟು ಮಾಡಿಕೊಂಡರು. ಕಬ್ಬನ್ನೂ ದೂರವಿಟ್ಟರು.

ಕಬ್ಬು ಬೇಡವೆನ್ನುವುದು ಸೊಲ್ಲಾಪುರ ಜಿಲ್ಲೆಯಲ್ಲಿ ಸುಲಭದ ಮಾತಲ್ಲ. ಸಕ್ಕರೆ ಕಾರಖಾನೆಗಳ ಸೀಮೆ ಅದು. ಜೋಳಕ್ಕಿಲ್ಲದ ಖಾತ್ರಿಯ ಬೆಲೆ, ಖಾತ್ರಿಯ ಗಿರಾಕಿ ಕಬ್ಬಿಗಿದೆ. ಒಮ್ಮೆಗೇ ಬಿಡಲಾಗದಿದ್ದರೂ ಒಂದು ಕೆಲಸ ನಾಳೆಯೇ ಆಗಬಹುದು. ಕಬ್ಬು ಕಡಿದಮೇಲೆ ಉಳಿಯುವ ರವದಿಗೆ ಬೆಂಕಿಯಿಡುವುದನ್ನು ನಿಲ್ಲಿಸಬೇಕು. ಎಕರೆಗೆ ಮೂರು ನಾಲ್ಕು ಟನ್ ರವದಿ ಸಿಗುತ್ತದೆ. ಸುಟ್ಟರೆ ಅದರ ಸಾರಜನಕ ಹೊಗೆಯಾಗಿ ಹೋಗುತ್ತದೆ, ಮೀಥೇನು ಮಸಿ ಎರಡೂ ಏಳುತ್ತವೆ. ಸಾಲುಗಳ ನಡುವೆ ಹಾಸಿದರೆ ತೇವ ಆರುವುದಿಲ್ಲ. ನೀರಿನ ಪಾಳಿ ಕಡಿಮೆಯಾಗುತ್ತದೆ, ಪಂಪು ಅಷ್ಟು ತಾಸು ನಿಲ್ಲುತ್ತದೆ. ಒಂದು ಬೆಂಕಿಕಡ್ಡಿ ಗೀರದೆ ಇರುವುದರಿಂದ ಇಷ್ಟು ಲಾಭ.

ಇನ್ನು ತಿಪ್ಪೆ. ಸಗಣಿ ಬಯಲಲ್ಲಿ ರಾಶಿ ಬಿದ್ದು ಕೊಳೆತರೆ ಮೀಥೇನಾಗಿ ಗಾಳಿಗೆ. ಗೋಬರ್ ಗ್ಯಾಸಿನ ಗುಂಡಿಗೆ ಹೋದರೆ ಒಲೆಗೆ ಉರಿ, ಹೊಲಕ್ಕೆ ಗೊಬ್ಬರ. 1980ರ ದಶಕದಲ್ಲಿ ಸರಕಾರ ಊರೂರಿನಲ್ಲಿ ಗೋಬರ್ ಗ್ಯಾಸಿಗೆ ಸಹಾಯಧನ ಕೊಟ್ಟಿತು. ಅವುಗಳಲ್ಲಿ ಎಷ್ಟೋ ಗುಂಡಿಗಳು ಬಿರುಕು ಬಿಟ್ಟು ಪಾಳುಬಿದ್ದವು. ಕಟ್ಟಲು ದುಡ್ಡಿತ್ತು, ರಿಪೇರಿಗೆ ಇರಲಿಲ್ಲ. ನಾಲ್ಕೈದು ದನ ಸಾಕುವ ಮನೆಗಳೂ ಕಡಿಮೆಯಾದವು. ಹೊಸ ಯೋಜನೆ ಬರೆಯುವವರು ಈ ಹಳೆಯ ಗುಂಡಿಗಳನ್ನು ಒಮ್ಮೆ ಇಣುಕಿ ನೋಡುವುದು ಒಳ್ಳೆಯದು. ರಿಪೇರಿಗೆ ಹಣವಿಡದ ಯಾವ ಯೋಜನೆಗೂ ಗ್ರಾಮಸಭೆ ಒಪ್ಪಿಗೆ ಕೊಡಬಾರದು.

ಯಾವ ಮಾತಿನಲ್ಲಿ ಎಣಿಸುವುದು?

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. 1964ರ ಕಾನೂನಿನಂತೆ ಮಹಾರಾಷ್ಟ್ರದ ಆಡಳಿತ ಭಾಷೆ ಮರಾಠಿ. ಯೋಜನೆಯ ನಮೂನೆ, ಸುತ್ತೋಲೆ, ತಖ್ತೆ ಎಲ್ಲ ಮರಾಠಿಯಲ್ಲಿ ಬರುವುದು ಸಹಜ. ಅಲ್ಲಿಯ ಕನ್ನಡಿಗರಿಗೆ ಮರಾಠಿ ಬಾರದೆಂದಲ್ಲ. ಸಂತೆಯಲ್ಲಿ ಕಚೇರಿಯಲ್ಲಿ ಎರಡೂ ಮಾತು ನಡೆಯುತ್ತವೆ. ಆದರೆ ಸಂತೆಯಲ್ಲಿ ಬೆಲೆ ಚೌಕಾಶಿ ಮಾಡುವುದು ಬೇರೆ, ಸಭೆಯಲ್ಲಿ ಎದ್ದುನಿಂತು ಟನ್ನುಗಳ ತಖ್ತೆಯನ್ನು ಪ್ರಶ್ನಿಸುವುದು ಬೇರೆ. ಎರಡನೆಯದಕ್ಕೆ ತಾಯಿಮಾತಿನ ಧೈರ್ಯ ಬೇಕು.

ಇದು ಬರೀ ಅಭಿಮಾನದ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಮರಾಠಿಯ ‘ಪಾಚಟ’ ಎಂದರೆ ಕನ್ನಡದ ರವದಿ. ‘ಕಡಬಾ’ ಎಂದರೆ ಜೋಳದ ಕಣಿಕೆ. ನಮೂನೆಯಲ್ಲಿ ಎರಡನ್ನೂ ಕೂಡಿಸಿ ‘ಬೆಳೆಯ ಕಸ’ ಎಂದು ಒಂದೇ ಸಾಲಿನಲ್ಲಿ ಬರೆದರೆ ಏನಾದೀತು? ಮನೆಯಾಕೆ ಎದ್ದು ಹೇಳಬೇಕು: ಕಣಿಕೆ ಕಸವಲ್ಲ ಸ್ವಾಮಿ, ಬೇಸಿಗೆಯಲ್ಲಿ ನಮ್ಮ ದನಗಳ ಊಟ, ಸುಡುವುದು ರವದಿ ಮಾತ್ರ. ಒಲೆಗೆ ವರ್ಷದಲ್ಲಿ ಎಷ್ಟು ಸಿಲಿಂಡರು, ಎಷ್ಟು ಕುಳ್ಳು, ಎಷ್ಟು ತೊಗರಿ ಕಟ್ಟಿಗೆ ಹೋಗುತ್ತದೆಂದು ಬಲ್ಲವಳೂ ಅವಳೇ. ಅವಳ ಮಾತಿನಲ್ಲಿ ಕೇಳದೆ ತುಂಬಿದ ತಖ್ತೆ ಸುಂದರವಾಗಿದ್ದೀತು, ನಿಜವಾಗಿರಲಾರದು. ಹೊರಗಿನ ತಜ್ಞರು ಒಂದು ಊರಿನ ಹೆಸರು ಅಳಿಸಿ ಇನ್ನೊಂದರ ಹೆಸರು ಬರೆದುಕೊಟ್ಟ ಯೋಜನೆಗೂ ಅದಕ್ಕೂ ವ್ಯತ್ಯಾಸವಿರದು.

ಪರಿಹಾರಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಅಕ್ಕಲಕೋಟೆ ತಾಲೂಕಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಮೇಲಿನ ತರಗತಿಯ ಮಕ್ಕಳಿಗೆ ಮನೆ ಮನೆಯ ಪಂಪು, ಒಲೆ, ದನ, ವಾಹನ ಎಣಿಸುವ ಕೆಲಸ ಕೊಟ್ಟರೆ ಗಣಿತದ ಪಾಠವೂ ಆಯಿತು, ಊರಿನ ಲೆಕ್ಕವೂ ಆಯಿತು. ಅದನ್ನು ಎರಡೂ ಭಾಷೆಯಲ್ಲಿ ಬರೆದು ಪಂಚಾಯತಿನ ಗೋಡೆಗೆ ಹಚ್ಚಿದರೆ ಮರುವರ್ಷ ಯಾರೂ ಹಿಂದಿನ ಅಂಕಿಯನ್ನು ಮರೆಸಲಾರರು.

ನಮ್ಮ ಬಾಗಿಲಲ್ಲಿ

ಇದೆಲ್ಲ ಸೊಲ್ಲಾಪುರದ ಮಾತು, ನಮಗೇನು ಎಂದು ಪತ್ರಿಕೆ ಮಡಚುವ ಮೊದಲು ನಮ್ಮ ಅಂಗಳವನ್ನೊಮ್ಮೆ ನೋಡಿಕೊಳ್ಳೋಣ. 1996ರ ಜನಕೀಯ ಯೋಜನೆಯಿಂದ ನಮ್ಮ ಪಂಚಾಯತುಗಳ ಕೈಗೆ ಬಂದ ಹಣವೂ ಅಧಿಕಾರವೂ ಮಹಾರಾಷ್ಟ್ರದವರು ಕಣ್ಣರಳಿಸಿ ನೋಡುವಂಥವು. ಇದೇ ಜಿಲ್ಲೆಯ ತೆಂಕಣದ ಪಿಲಿಕ್ಕೋಡು ಪಂಚಾಯತು ಹಳೆಯ ತಂತಿಬಲ್ಬುಗಳನ್ನು ಮನೆಮನೆಯಿಂದ ತೆಗೆಸಿ ದೇಶಕ್ಕೇ ಮಾದರಿಯೆನಿಸಿತು. ನಮ್ಮ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕರೆಯಲ್ಲಿ 50 ಮೆಗಾವಾಟಿನ ಸೌರಸ್ಥಾವರ 2021ರಲ್ಲಿ ಲೋಕಾರ್ಪಣೆಯಾಯಿತು. ನಮ್ಮ ಹಿರಿಯರು ಕರೆಂಟೇ ಇಲ್ಲದ ಕಾಲದಲ್ಲಿ ಗುಡ್ಡ ಕೊರೆದು ಸುರಂಗದಿಂದ ನೀರು ಹರಿಸಿದವರು. ಮಳೆ ನಿಂತೊಡನೆ ತೋಡಿಗೆ ಕಟ್ಟ ಕಟ್ಟಿ ತೋಟಕ್ಕೆ ನೀರು ನಿಲ್ಲಿಸಿದವರು. ಒಂದು ಸುರಂಗ ಉಳಿದರೆ ಒಂದು ಪಂಪು ನಿಂತೀತು. ಹೊಗೆಯ ಲೆಕ್ಕದಲ್ಲಿ ಅದಕ್ಕೂ ಒಂದು ಸಾಲು ಇರಬೇಡವೇ? ಆ ಸಾಲನ್ನು ತಿರುವನಂತಪುರದ ನಮೂನೆ ಕೇಳುವುದಿಲ್ಲ. ನಾವೇ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಹೇಳಿ ಬರೆಸಬೇಕು. ಕೇರಳದ 1969ರ ಆಡಳಿತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಹಕ್ಕು ಕೇಳಿದವನದು, ಸುಮ್ಮನೆ ಕುಳಿತವನದಲ್ಲ.

ಸೊಲ್ಲಾಪುರ ನಮ್ಮ ಶರಣರ ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಆ ಒಣನೆಲದಲ್ಲಿ ಜನರನ್ನು ಕೂಡಿಸಿ ಕೆರೆ ತೋಡಿಸಿದ. ಸಿದ್ಧೇಶ್ವರ ಗುಡಿಯ ಸುತ್ತ ಇಂದೂ ಆ ಕೆರೆ ಇದೆ. ಆತ ಯಾವ ತಖ್ತೆಯನ್ನೂ ತುಂಬಲಿಲ್ಲ, ನಿಜ. ಆದರೆ ಎಷ್ಟು ಮಣ್ಣು ಹೊರಬೇಕು, ಯಾರು ಹೊರಬೇಕು, ನೀರು ಯಾರಿಗೆ ಎಂಬುದನ್ನು ಜನರ ಮಾತಿನಲ್ಲೇ ಹೇಳಿರಬೇಕು. ಇಲ್ಲವಾದರೆ ಗುದ್ದಲಿ ಹಿಡಿದು ಯಾರು ಬರುತ್ತಿದ್ದರು? ಚಪಳಗಾಂವದ ಯೋಜನೆಯಾಗಲಿ ನಮ್ಮ ಪಂಚಾಯತುಗಳ ಯೋಜನೆಯಾಗಲಿ, ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಓದುವಾಗ ಹಿಂದಿನ ಬೆಂಚಿನಲ್ಲಿ ಕುಳಿತವರಿಗೂ ಅರ್ಥವಾಗುವಂತೆ ಓದಿ ಹೇಳಲಿ. ಅರ್ಥವಾದರೆ ಅವರು ತಪ್ಪು ಎತ್ತಿ ತೋರಿಸಿಯಾರು. ತಪ್ಪು ತಿದ್ದಿದ ಲೆಕ್ಕದಿಂದಲೇ ಕೆಲಸ ತೊಡಗಬೇಕು.